ಮಾವುತ ಸತ್ತ ಮೇಲೆ ಆನೆ ಯಾರ ಮಾತು ಕೇಳಬೇಕು? ಮನೆ ರೂಲ್ಸ್‌ಗೆ ಸಲಹೆ ಕೊಡಿ

ಕ್ಯಾತ್ಸಂದ್ರ_ದಾಳ:

ಎಲ್ಲರಿಗೂ ನಮಸ್ಕಾರ. ಭಾನುವಾರ ಬಂದರೆ ಕ್ಯಾತ್ಸಂದ್ರದ ನಮ್ಮ ಮನೆ ಮಹಡಿಯಲ್ಲಿ ನಾಲ್ಕು ಜನ ಸೇರಿ ಗೊಂಬೆ ಯುದ್ಧ ಆಡುತ್ತೇವೆ. 6 ಅಡಿಗೆ 4 ಅಡಿ ಪ್ಲೈವುಡ್, ಅದರ ಮೇಲೆ ಹಸಿರು ಬಣ್ಣ ಹಾಕಿದ ಮರದ ಹೊಟ್ಟು, ನಡುವೆ ಥರ್ಮಾಕೋಲಿನ ಮಧುಗಿರಿ ಬೆಟ್ಟ. ರೂಲ್ಸ್ ನಾವೇ ಬರೆದದ್ದು. ಪಾಳೇಗಾರರ ಕಾಲ ಅಂತ ಶುರು ಮಾಡಿದೆವು. ಈಗ ಗುಡಿ ಕಂಬದ ಸಿಂಹಮುಖದ ಯಾಳಿ, ಗಂಡಭೇರುಂಡ ಎಲ್ಲ ನುಗ್ಗಿವೆ. ಅದು ನನ್ನ ತಪ್ಪಲ್ಲ, ಚಿಕ್ಕಪ್ಪನ ಮಗನದು.

ತಲೆನೋವು ಆನೆಯದು. ಮೊದಲಿನ ಲೆಕ್ಕ: ಆನೆಗೆ 8 ಲೈಫ್, ಪ್ರತಿ ಸುತ್ತಿನಲ್ಲಿ 8 ಇಂಚು ನಡಿಗೆ, ಹೊಡೆಯಲು 6 ದಾಳ. ಮೇಲೆ ಕೂತ ಪಾಳೇಗಾರನಿಗೆ ಬೇರೆ 3 ಲೈಫ್. 300 ಪಾಯಿಂಟ್ ಸೈನ್ಯದಲ್ಲಿ ಒಂದು ಆನೆಗೆ 60. ಕಳೆದ ತಿಂಗಳು ಚಿಕ್ಕಪ್ಪನ ಮಗ ಎರಡು ಆನೆ ತಂದ. ಮೂರೇ ಸುತ್ತಿನಲ್ಲಿ ನನ್ನ 20 ಈಟಿಯವರನ್ನು ತುಳಿದು ಹಾಕಿದ. ಸರಿ ಅಂತ ಲೈಫ್ 5ಕ್ಕೆ ಇಳಿಸಿದೆ. ಮುಂದಿನ ವಾರ ಮೊದಲ ಸುತ್ತಿನಲ್ಲೇ ನನ್ನ ಬಿಲ್ಲಿನವರು ಎರಡನ್ನೂ ಉರುಳಿಸಿದರು. ಅವನು ಮಾತೇ ಆಡದೆ ಕಾಫಿ ಕುಡಿಯಲು ಕೆಳಗೆ ಹೋದ. 6 ಮಾಡಿದೆ, 7 ಮಾಡಿದೆ. ಒಂದೋ ಬುಲ್ಡೋಜರ್, ಇಲ್ಲ ಕಡ್ಲೆಪುರಿ.

ಬಾಣ ಬಿದ್ದರೆ ಆನೆಗೆ ತಗುಲಿತೋ, ಮೇಲಿದ್ದವನಿಗೋ? ಸವಾರ ಸತ್ತರೆ ಆನೆ ಏನು ಮಾಡಬೇಕು? ಈಗಂತೂ ಸುಮ್ನೆ ನಿಂತುಬಿಡುತ್ತದೆ, ಬಸ್‌ಸ್ಟ್ಯಾಂಡ್‌ನಲ್ಲಿ ನಿಂತ ಹಾಗೆ.

ಇನ್ನೊಂದು ಮುಜುಗರದ ವಿಷಯ. ನನ್ನ ಆನೆ ಅಮ್ಮನ ದಸರಾ ಗೊಂಬೆಗಳಿಂದ ಎತ್ತಿದ್ದು. 6 ಇಂಚು ಎತ್ತರ. ನಮ್ಮ ಸೈನಿಕರು 28 ಮಿಲಿಮೀಟರ್. ಲೆಕ್ಕ ಹಾಕಿದರೆ ಅದು ಮೂರು ಮಹಡಿ ಆನೆ.

ಶಿರಾ_ಸವಾರ:

ವಾರ್‌ಹ್ಯಾಮರ್ ಅನ್ನುವ ಹಳೆ ಗೊಂಬೆ ಯುದ್ಧದ ಆಟದಲ್ಲಿ, ನಾವು ಆಡಿದ್ದು 6ನೇ ಆವೃತ್ತಿ, ದೊಡ್ಡ ಪ್ರಾಣಿ ಮೇಲೆ ಕೂತವನಿಗೆ ಬಾಣ ಬಿಟ್ಟರೆ ತಗುಲಿದ ಪ್ರತಿ ಏಟಿಗೂ ದಾಳ ಎಸೆಯಬೇಕು. 1ರಿಂದ 4 ಬಿದ್ದರೆ ಪ್ರಾಣಿಗೆ, 5 ಅಥವಾ 6 ಬಿದ್ದರೆ ಸವಾರನಿಗೆ. ಸುಲಭ. 2015ರಲ್ಲಿ ಅದರ ಜಾಗಕ್ಕೆ ಏಜ್ ಆಫ್ ಸಿಗ್ಮಾರ್ ಬಂದಾಗ ಸವಾರ, ಪ್ರಾಣಿ ಎರಡನ್ನೂ ಒಂದೇ ಜೀವ ಮಾಡಿದರು. ಏಟು ಬಿದ್ದ ಹಾಗೆ ಅದರ ವೇಗ, ಹೊಡೆತ ಎರಡೂ ಇಳಿಯುತ್ತಾ ಹೋಗುತ್ತದೆ. ನಿಮಗೆ ಅದೇ ಸಾಕು. 8 ಲೈಫ್ ಇಟ್ಟುಕೊಳ್ಳಿ. ಅರ್ಧ ಹೋದರೆ 8 ಇಂಚು 5 ಆಗಲಿ, 6 ದಾಳ 4 ಆಗಲಿ.

ಮೂರು ಮಹಡಿ ಆನೆಯ ಫೋಟೊ ಹಾಕಿ ಮಾರಾಯರೆ.

ಕೋಲಾರದ_ಕಾಲಾಳು:

ತಮ್ಮಾ, ಲೈಫ್ ಎಷ್ಟು ಅನ್ನುವುದೇ ತಪ್ಪು ಪ್ರಶ್ನೆ. ಆನೆಗೆ ನೂರು ಲೈಫ್ ಕೊಡು, ಬೇಡ ಅನ್ನಲ್ಲ. ಅದು ಯಾರ ಮಾತು ಕೇಳುತ್ತದೆ ಅನ್ನುವುದಕ್ಕೆ ರೂಲ್ ಬರಿ. ನಿನ್ನ ಪಟ್ಟಿಯಲ್ಲಿ ಆನೆ ಇದೆ, ಪಾಳೇಗಾರ ಇದ್ದಾನೆ. ಮಾವುತ ಎಲ್ಲಿ?

ಕ್ರಿಸ್ತಪೂರ್ವ 326ರಲ್ಲಿ ಝೀಲಂ ದಡದಲ್ಲಿ ಪೋರಸ್‌ನ ಆನೆಗಳ ಎದುರು ಅಲೆಕ್ಸಾಂಡರ್ ಕಡೆಯವರು ಮಾವುತರಿಗೆ ಗುರಿ ಇಟ್ಟರು. ಮಾವುತರು ಬಿದ್ದ ಮೇಲೆ ಇಕ್ಕಟ್ಟಿಗೆ ಸಿಕ್ಕ ಆನೆಗಳು ನಮ್ಮವರು ನಿಮ್ಮವರು ಅಂತ ನೋಡದೆ ತುಳಿದವು. ಕ್ರಿಸ್ತಪೂರ್ವ 202ರಲ್ಲಿ ಝಾಮಾದಲ್ಲಿ ಕಾರ್ತೇಜಿನ ಹ್ಯಾನಿಬಲ್ 80 ಆನೆ ತಂದಿದ್ದ. ರೋಮಿನ ಸಿಪಿಯೊ ತನ್ನ ಸೈನ್ಯದ ನಡುವೆ ಓಣಿ ಬಿಟ್ಟು ನಿಲ್ಲಿಸಿದ. ಕಹಳೆ ಸದ್ದಿಗೆ ಕೆಲವು ಆನೆ ಬೆದರಿ ಹ್ಯಾನಿಬಲ್ ಕುದುರೆಗಳ ಮೇಲೇ ತಿರುಗಿದವು. ಉಳಿದವು ಓಣಿಯಲ್ಲಿ ಹಾದು ಹೋದವು. ನಿನ್ನ 20 ಈಟಿಯವರು ಜಾಗ ಬಿಟ್ಟುಕೊಟ್ಟಿದ್ದರೆ ಬದುಕುತ್ತಿದ್ದರು. ಅದಕ್ಕೊಂದು ರೂಲ್ ಬೇಕಲ್ವಾ?

ನಾನು ಹೀಗೆ ಆಡುತ್ತೇನೆ. ಪ್ರತಿ ಸುತ್ತಿನಲ್ಲಿ ಆನೆ ನಡೆಸುವ ಮೊದಲು ಒಂದು ದಾಳ. 2 ಅಥವಾ ಜಾಸ್ತಿ ಬಿದ್ದರೆ ಹೇಳಿದ ಹಾಗೆ ಕೇಳುತ್ತದೆ. 3 ಲೈಫ್ ಕಳೆದುಕೊಂಡಿದ್ದರೆ 3 ಬೇಕು. ಮಾವುತ ಸತ್ತಿದ್ದರೆ 5 ಬೇಕು. ಬೀಳಲಿಲ್ಲವೋ, ಆನೆ ನಡೆದದ್ದೇ ದಾರಿ. ಇನ್ನೊಂದು ದಾಳ ಎಸಿ: 1, 2 ಬಿದ್ದರೆ ಮುಂದಕ್ಕೆ, 3 ಎಡಕ್ಕೆ, 4 ಬಲಕ್ಕೆ, 5, 6 ಬಿದ್ದರೆ ಬಂದ ದಾರಿಗೇ ವಾಪಸ್. ದಾರಿಯಲ್ಲಿ ಯಾರು ಸಿಕ್ಕರೂ ತುಳಿತ. ನಿನ್ನವರಾದರೂ ಸರಿ.

ಬಾಣದ ಲೆಕ್ಕಕ್ಕೆ ಶಿರಾದವರು ಹೇಳಿದ ದಾಳವೇ ಇರಲಿ, ಆದರೆ 5 ಬಿದ್ದರೆ ಮಾವುತ, 6 ಬಿದ್ದರೆ ಮೇಲಿನ ದೊರೆ. ಮಾವುತನಿಗೆ ಒಂದೇ ಲೈಫ್. ಇನ್ನೂ 5 ಪಾಯಿಂಟ್ ಕೊಟ್ಟರೆ ಕಾವಾಡಿ, ಅಂದರೆ ಮಾವುತನ ಸಹಾಯಕ, ಸಿಗುತ್ತಾನೆ. ಮಾವುತ ಬಿದ್ದರೆ ಅವನು ಕುತ್ತಿಗೆ ಮೇಲೆ ಹತ್ತುತ್ತಾನೆ, ಒಂದು ಸುತ್ತು ದಂಡ. ದಸರಾ ಆನೆ ಜೊತೆ ಇಬ್ಬರನ್ನೂ ನೋಡಿರುತ್ತೀಯ. ಅದೇ ದಸರಾಕ್ಕೆ ಮೊದಲು ಆನೆಗಳ ಹತ್ತಿರ ಫಿರಂಗಿ ಹಾರಿಸಿ ಸದ್ದಿಗೆ ಒಗ್ಗಿಸುತ್ತಾರಲ್ಲ, ಆ ತಾಲೀಮಿಗೂ 5 ಪಾಯಿಂಟ್ ಇಡು. ತಾಲೀಮಿಲ್ಲದ ಆನೆ ಪಕ್ಕ ತೋಪು ಹಾರಿದರೆ ದಾಳದಲ್ಲಿ 1 ಕಳೆ.

ಕೊನೆಯ ಅಸ್ತ್ರ ಒಂದಿದೆ. ಕ್ರಿಸ್ತಪೂರ್ವ 207ರಲ್ಲಿ ಹ್ಯಾನಿಬಲ್‌ನ ತಮ್ಮ ಹಸ್ದ್ರುಬಲ್‌ನ ಮಾವುತರು ಉಳಿ, ಸುತ್ತಿಗೆ ಇಟ್ಟುಕೊಂಡಿದ್ದರು. ಆನೆ ಕೈ ಮೀರಿ ಸ್ವಂತ ಸೈನ್ಯದ ಮೇಲೆ ತಿರುಗಿದರೆ ಕುತ್ತಿಗೆಯ ಕೀಲಿಗೆ ಉಳಿ ಇಟ್ಟು ಹೊಡೆದು ಬಿಡುವುದು. ನಮ್ಮ ಆಟದಲ್ಲಿ ಮಾವುತ ಬದುಕಿದ್ದರೆ ಇದನ್ನು ಮಾಡಬಹುದು. ಮೊದಲ ಸಲ ಮಾಡಿದಾಗ ಟೇಬಲ್ ಸುತ್ತ ಯಾರೂ ಒಂದು ನಿಮಿಷ ಮಾತಾಡಲಿಲ್ಲ.

ಮೇಲೆ ಕೂತ ದೊರೆಯ ವಿಷಯ. ಆನೆ ಮೇಲೆ ಕೂತವನು ಇಡೀ ಸೈನ್ಯಕ್ಕೆ ಕಾಣುತ್ತಾನೆ. ಅದೇ ಲಾಭ, ಅದೇ ಕಷ್ಟ. 1556ರ ಪಾಣಿಪತ್‌ನಲ್ಲಿ ಅಕ್ಬರನ ಸೈನ್ಯದ ಎದುರು ಆನೆ ಮೇಲಿದ್ದ ಹೇಮು ಕಣ್ಣಿಗೆ ಬಾಣ ಬಿತ್ತು, ಗೆಲ್ಲುತ್ತಿದ್ದ ಸೈನ್ಯ ಓಡಿತು. 1658ರಲ್ಲಿ ಸಾಮೂಗಢದಲ್ಲಿ ಔರಂಗಜೇಬನ ಅಣ್ಣ ದಾರಾ ಶಿಕೋ ಆನೆ ಇಳಿದು ಕುದುರೆ ಹತ್ತಿದ, ಅಷ್ಟಕ್ಕೇ ಸತ್ತನೇನೋ ಅಂತ ಅವನ ಕಡೆಯವರು ಚದುರಿದರು. ಹಾಗಾಗಿ ದೊರೆ ಆನೆ ಮೇಲಿದ್ದರೆ 12 ಇಂಚಿನೊಳಗಿನ ಎಲ್ಲರ ಧೈರ್ಯದ ದಾಳಕ್ಕೆ, ಅಂದರೆ ನಿಲ್ಲುತ್ತಾರೋ ಓಡುತ್ತಾರೋ ಅಂತ ಎಸೆಯುವ ದಾಳಕ್ಕೆ, 1 ಕೂಡಿಸು. ಅವನು ಬಿದ್ದರೂ ಇಳಿದರೂ ಇಡೀ ಸೈನ್ಯ ದಾಳ ಎಸೆಯಲಿ.

ಕಾಲಾಳಿಗೂ ಏನಾದರೂ ಕೊಡು. ನನ್ನ ಹೆಸರೇ ಅದು, ಪಕ್ಷಪಾತ ಇದೆ. ಬೆಂಗಳೂರಿನ ಮ್ಯೂಸಿಯಂನಲ್ಲಿ ಬೇಗೂರಿನ ವೀರಗಲ್ಲಿದೆ, ಗಂಗರ ಕಾಲದ್ದು. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರ ಅನ್ನುವವನು ಆನೆಗಳಿಗೆ ಎದುರು ನಿಂತು ಇರಿದು ಸತ್ತ ಅಂತ ಅದರಲ್ಲಿದೆ. ನಮ್ಮ ಕೋಲಾರವನ್ನು ಮೊದಲ ರಾಜಧಾನಿ ಮಾಡಿಕೊಂಡ ಅದೇ ಗಂಗರ ಲಾಂಛನವೂ ಆನೆಯೇ. ಆನೆಗೆ ಎದುರು ನಿಂತು ಸತ್ತವನಿಗೆ ನಮ್ಮಲ್ಲಿ ಒಂದು ಕಲ್ಲು. ಬೋರ್ಡ್ ಮೇಲೆ ಚಿಕ್ಕ ವೀರಗಲ್ಲು ಇಡುತ್ತೇವೆ, ಅದರ 3 ಇಂಚಿನೊಳಗೆ ನಿಂತ ಅವನ ಕಡೆಯವರು ಓಡುವುದಿಲ್ಲ.

ಸತ್ತ ಆನೆಯನ್ನು ಬೋರ್ಡ್‌ನಿಂದ ತೆಗೆಯಬೇಡ. ಇದ್ದರೂ ಸಾವಿರ ಸತ್ತರೂ ಸಾವಿರ. ಅಲ್ಲೇ ಮಲಗಿಸು, ಗೋಡೆ ಅಂತ ಲೆಕ್ಕ.

ಗುಡಿಬಂಡೆ_ಗುಡ್ಡ:

ಕೋಲಾರದಣ್ಣ ಬರೆದದ್ದು ಓದಲು ಚೆನ್ನಾಗಿದೆ. ಆಡಲು ಕೂತರೆ ಮಧ್ಯಾಹ್ನದ ಊಟ ರಾತ್ರಿಗೆ ಆಗುತ್ತದೆ. ಒಂದು ಆನೆಗೆ ಪ್ರತಿ ಸುತ್ತಿನಲ್ಲಿ ಎಷ್ಟು ದಾಳ ಆಯಿತು, ಎಣಿಸಿದಿರಾ? ಮಾವುತ, ಕಾವಾಡಿ, ತಾಲೀಮು ಎಲ್ಲ ಆನೆಗೆ ಸರಿ. ಯಾಳಿಗೆ ಮಾವುತ ಎಲ್ಲಿಂದ ತರುತ್ತೀರಿ? ಗುಡಿ ಕಂಬದಲ್ಲಿ ಸವಾರ ಒಬ್ಬನೇ ಕೂತಿರುತ್ತಾನೆ, ಅವನೇ ಯಜಮಾನ. ಅದಕ್ಕೆ ಸವಾರ, ಯಾಳಿ ಇಬ್ಬರಿಗೂ ಸೇರಿ ಒಂದೇ ಲೈಫ್ ಪಟ್ಟಿ ಸಾಕು. ಗಂಡಭೇರುಂಡಕ್ಕೆ ಮಾತ್ರ ನನ್ನದೊಂದು ಸಲಹೆ: ಎರಡು ದಾಳ, ತಲೆಗೊಂದು. ಎರಡೂ ಒಪ್ಪಿದರೆ ಹಾರುತ್ತದೆ. ಒಂದೇ ಒಪ್ಪಿದರೆ ನಿಂತಲ್ಲೇ ಸುತ್ತುತ್ತದೆ.

ಕ್ಯಾತ್ಸಂದ್ರ_ದಾಳ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಆಡಿದೆವು. ಆನೆಗೆ ಕೋಲಾರದಣ್ಣನ ರೂಲ್, ಯಾಳಿಗೆ ಗುಡಿಬಂಡೆಯವರದು. ತಾಲೀಮು, ಕಾವಾಡಿ ಸದ್ಯಕ್ಕೆ ಬಿಟ್ಟೆ. ಲೈಫ್ 8ಕ್ಕೇ ವಾಪಸ್.

ಎರಡನೇ ಸುತ್ತಿನಲ್ಲಿ ನನ್ನ ಬಿಲ್ಲಿನವನಿಗೆ 5 ಬಿತ್ತು. ಚಿಕ್ಕಪ್ಪನ ಮಗನ ಮಾವುತ ಹೋದ. ಮುಂದಿನ ದಾಳ 3, ಆಮೇಲೆ 6. ಆನೆ ತಿರುಗಿ ಅವನದೇ ಬಂದೂಕಿನವರ 11 ಜನರನ್ನು ತುಳಿದು ಕೋಟೆ ಬಾಗಿಲ ತನಕ ಹೋಯಿತು. ಅವನು ಬೈಯಲಿಲ್ಲ, ಎದ್ದು ನಿಂತು ನೋಡುತ್ತಿದ್ದ. ಉಳಿ ಹೊಡೆಯುತ್ತೇನೆ ಅಂದ. ಮಾವುತನೇ ಇಲ್ಲವಲ್ಲೋ ಅಂದೆ. ಕೊನೆಗೆ ಅವನ ಈಟಿಯವರೇ ಅದನ್ನು ಕೊಂದರು, ಅದು ಸರಿಯಾಗಿ ಬಾಗಿಲಿಗೆ ಅಡ್ಡ ಬಿತ್ತು. ಮೂರು ಮಹಡಿ ಆನೆ. ನಾಲ್ಕು ಸುತ್ತು ನಾನು ಒಳಗೆ ಹೋಗಲಾಗಲಿಲ್ಲ, ಅವನು ಹೊರಗೆ ಬರಲಾಗಲಿಲ್ಲ. ಆಟ ಡ್ರಾ. ಊಟ ಮೂರೂವರೆಗೆ.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಮಾವುತನನ್ನು ಎಂ-ಸೀಲ್ ಹಾಕಿ ಆನೆ ಕುತ್ತಿಗೆಗೆ ಅಂಟಿಸಿದ್ದೆ. ನವರಾತ್ರಿಗೆ ಮೊದಲು ಆನೆ ಗೊಂಬೆ ಪೆಟ್ಟಿಗೆಗೆ ವಾಪಸ್ ಹೋಗಬೇಕು. ಬಣ್ಣ ಕೀಳದ ಹಾಗೆ ಅದನ್ನು ಬಿಡಿಸುವುದು ಹೇಗೆ?