2ನೇ ಕ್ರಾಸ್ ಮ್ಯಾನ್‌ಹೋಲ್: ಇನ್ಮುಂದೆ ಮನುಷ್ಯರನ್ನ ಇಳಿಸೋದು ಬೇಡ

ಸೈಟ್ 38, 3ನೇ ಕ್ರಾಸ್:
ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಹಾಲು ತರೋಕೆ ಹೋದಾಗ 2ನೇ ಕ್ರಾಸ್ ಮೂಲೆಯ ಮ್ಯಾನ್‌ಹೋಲ್ ತೆಗೆದಿತ್ತು. ಒಳಗೆ ಒಬ್ಬ ಹುಡುಗ, ಎದೆಮಟ್ಟ ನೀರಲ್ಲಿ. ಮೈಮೇಲೆ ಚಡ್ಡಿ ಬಿಟ್ಟರೆ ಏನಿಲ್ಲ. ಮೇಲೆ ನಿಂತವನು ಬಕೆಟ್‌ಗೆ ಹಗ್ಗ ಕಟ್ಟಿ ಎಳೀತಿದ್ದ. ಯಾರು ಕರೆಸಿದ್ದು ಅಂದ್ರೆ "ನಿಮ್ಮ ಅಸೋಸಿಯೇಷನ್ನೋರೇ ಮೇಡಂ" ಅಂದ. ಮೇಲೆ ಹತ್ತಿಸೋವರೆಗೂ ಅಲ್ಲೇ ನಿಂತೆ. ಫೋಟೊ ತೆಗೆದಿಲ್ಲ, ಆ ಹುಡುಗನ ಮುಖ ಗ್ರೂಪ್‌ನಿಂದ ಗ್ರೂಪ್‌ಗೆ ಓಡಾಡೋದು ಬೇಡ. ಕಮಿಟಿಯವರು ಇಲ್ಲೇ ಉತ್ತರ ಕೊಡಬೇಕು.

ಕಾರ್ಯದರ್ಶಿ:
ಮೇಡಂ, ಚರಂಡಿ ಕ್ಲೀನ್ ಮಾಡೋ ಮಷೀನ್ ಕಳಿಸಿ ಅಂತ ಪಾಲಿಕೆಗೆ ಬರೆದುಕೊಟ್ಟು ವಾರದ ಮೇಲಾಯ್ತು. ಬಡಾವಣೆ ಇನ್ನೂ ತಮಗೆ ಹಸ್ತಾಂತರ ಆಗಿಲ್ಲ ಅಂತಾರೆ ಅವರು, ಆಗಿದೆ ಅಂತಾರೆ ಲೇಔಟ್ ಮಾಡಿದೋರು. ಅಷ್ಟರಲ್ಲಿ ನಾಲ್ಕು ಮನೆ ಬಚ್ಚಲಿಗೆ ನೀರು ವಾಪಸ್ ನುಗ್ಗಿದೆ. ಕಂಟ್ರಾಕ್ಟರ್‌ಗೆ ಹೇಳಿದೆ, ಜನ ಕಳಿಸಿದ್ರು. ಯಾರನ್ನೂ ಬಲವಂತ ಮಾಡಿಲ್ಲ, ಕೇಳಿದಷ್ಟು ಕೂಲಿ ಕೊಟ್ಟಿದ್ದೀವಿ. ಗ್ರೂಪ್‌ಗೆ ಹಾಕೋ ಮೊದಲು ನನಗೊಂದು ಫೋನ್ ಮಾಡಬಹುದಿತ್ತು.

ಸೈಟ್ 12, 2ನೇ ಕ್ರಾಸ್:
ಆ ನಾಲ್ಕರಲ್ಲಿ ನಮ್ಮದೂ ಒಂದು ಮನೆ. ಅತ್ತೆ ಹಾಸಿಗೆ ಹಿಡಿದಿದ್ದಾರೆ, ಬಚ್ಚಲಲ್ಲಿ ಕಾಲಿಡೋ ಹಾಗಿಲ್ಲ. 3ನೇ ಕ್ರಾಸ್ ಎತ್ತರದಲ್ಲಿದೆ, ಅಲ್ಲಿಂದ ನ್ಯಾಯ ಹೇಳೋದು ಸುಲಭ ಅಕ್ಕ.

ಸೈಟ್ 38, 3ನೇ ಕ್ರಾಸ್:
ನಿಮ್ಮ ಕಷ್ಟ ಸುಳ್ಳಲ್ಲಮ್ಮ. ಮಷೀನ್ ಬರೋವರೆಗೂ ನಮ್ಮ ಹಿಂದಿನ ಬಾತ್‌ರೂಮ್ ಬಳಸಿ, ಹೊರಗಿನ ಬಾಗಿಲು ಹಗಲೂ ರಾತ್ರಿ ತೆಗೆದಿರುತ್ತೆ. ಅತ್ತೆಯವರನ್ನ ಕರ್ಕೊಂಡು ಬರೋಕೆ ನಮ್ಮ ಮಗ ಬರ್ತಾನೆ. ಆದ್ರೆ ಆ ಹುಡುಗನನ್ನ ಮತ್ತೆ ಇಳಿಸೋಕೆ ನಾನು ಬಿಡಲ್ಲ.

ಸೈಟ್ 71, ಮುಖ್ಯರಸ್ತೆ:
ಇಂಥದ್ದನ್ನೆಲ್ಲ ಪರ್ಸನಲ್ ಆಗಿ ಮಾತಾಡ್ಕೊಳ್ಳಿ. ಈ ಗ್ರೂಪ್‌ನಲ್ಲಿ ಬ್ರೋಕರ್‌ಗಳೂ ಇದ್ದಾರೆ. ಬಡಾವಣೆ ಹೆಸರು ಕೆಟ್ಟರೆ ಸೈಟ್ ರೇಟ್ ಬೀಳೋದು ಎಲ್ಲರದ್ದೂ.

ಸೈಟ್ 45, 4ನೇ ಕ್ರಾಸ್:
ನಾನು ಕೊಳಚೆನೀರು ಶುದ್ಧೀಕರಣದ ಕೆಲಸದಲ್ಲೇ ಇರೋದು, ಅದಕ್ಕೆ ಹೇಳ್ತೀನಿ. ಬೆಂಕಿಕಡ್ಡಿ ಗೀರಿ ಹಾಕಿ ನೋಡಿದ್ವಿ, ವಾಸನೆ ಇರಲಿಲ್ಲ ಅಂತ ಕಂಟ್ರಾಕ್ಟರ್ ಹೇಳಿದ್ರೆ ನಂಬಬೇಡಿ. ಗುಂಡಿಯಲ್ಲಿ ಹುಟ್ಟೋ ವಿಷಗಾಳಿ, ಹೈಡ್ರೋಜನ್ ಸಲ್ಫೈಡ್, ಕಡಿಮೆ ಇದ್ದಾಗ ಕೊಳೆತ ಮೊಟ್ಟೆ ವಾಸನೆ. 100 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ನೂರು ಪಾಲು) ಆಸುಪಾಸಿಗೆ ಹೋದ್ರೆ ಮೂಗೇ ಸತ್ತುಹೋಗುತ್ತೆ, ವಾಸನೆ ನಿಂತಿತು ಅಂತ ಧೈರ್ಯ ಬರೋದು ಆಗಲೇ. ಅದು ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತೆ, ಹೂಳು ಕೆದಕಿದ ತಕ್ಷಣ ಮೇಲೇಳುತ್ತೆ. ಮೀಥೇನ್ ಇದ್ರೆ ಆ ಕಡ್ಡಿಗೇ ಗುಂಡಿ ಹೊತ್ತಿಕೊಳ್ಳುತ್ತೆ. ಒಬ್ಬ ಕುಸಿದ ಅಂತ ಎತ್ತೋಕೆ ಇಳಿದವನೂ ಅಲ್ಲೇ ಉಳೀತಾನೆ. ಬೆಂಗಳೂರು ಎಚ್‌ಎಸ್‌ಆರ್ ಹತ್ತಿರ ಸೋಮಸುಂದರಪಾಳ್ಯದಲ್ಲಿ 2018ರ ಜನವರಿಯಲ್ಲಿ ಮೂರು ಜನರ ಜೀವ ಹೋಗಿದ್ದು ಒಂದು ಅಪಾರ್ಟ್‌ಮೆಂಟ್‌ನ ಎಸ್‌ಟಿಪಿಯಲ್ಲೇ, ಅಂದ್ರೆ ಕೊಳಚೆನೀರು ಶುದ್ಧೀಕರಣ ಘಟಕದಲ್ಲೇ.

ಇನ್ನೊಂದು. ತಾರಸಿ ಮಳೆನೀರಿನ ಪೈಪನ್ನ ಯುಜಿಡಿಗೆ (ಒಳಚರಂಡಿಗೆ) ಕೊಟ್ಟಿರೋ ಮನೆಗಳು ನಮ್ಮಲ್ಲಿ ಎಷ್ಟಿವೆ ಅಂತ ನಿಮಗೇ ಗೊತ್ತು. ಮಣ್ಣೆಲ್ಲ ಅಲ್ಲೇ ಇಳಿಯೋದು. ಅದನ್ನ ಬಿಡಿಸದೆ ಏನು ಮಾಡಿದ್ರೂ ಮುಂದಿನ ಮಳೆಗೆ ಮತ್ತೆ ಕಟ್ಟುತ್ತೆ.

ಸೈಟ್ 20, 1ನೇ ಕ್ರಾಸ್:
ಕಾನೂನಿನ ಮಾತು ನಾನು ಹೇಳ್ತೀನಿ, ವಕೀಲಿಕೆ ನನ್ನ ಹೊಟ್ಟೆಪಾಡು. ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ಪ್ರಕಾರ ರಕ್ಷಣಾ ಸಾಮಗ್ರಿ ಇಲ್ಲದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕ್‌ಗೆ ಮನುಷ್ಯರನ್ನ ಇಳಿಸೋದು ಅಪರಾಧ, ನೇರವಾಗಿ ಆಗಲಿ ಕಂಟ್ರಾಕ್ಟರ್ ಮೂಲಕ ಆಗಲಿ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಜಾಮೀನುರಹಿತ. ಅವನೇ ಒಪ್ಪಿ ಇಳಿದ ಅನ್ನೋದಕ್ಕೆ ಅದರಲ್ಲಿ ವಿನಾಯಿತಿ ಇಲ್ಲ. ಕೆಲಸಗಾರ ಪರಿಶಿಷ್ಟ ಜಾತಿಯವನಾಗಿದ್ರೆ ದೌರ್ಜನ್ಯ ತಡೆ ಕಾಯ್ದೆಯೂ ಬರಬಹುದು. ಸಾವಾದ್ರೆ ಕುಟುಂಬಕ್ಕೆ 30 ಲಕ್ಷ ಪರಿಹಾರ ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ, ಅದಕ್ಕೆ ಮೊದಲು 10 ಲಕ್ಷ ಇತ್ತು. ಕಾರ್ಯದರ್ಶಿ ಸಾರ್, ಕೇಸ್ ಆದ್ರೆ ಮೊದಲು ಬರೋದು ನಿಮ್ಮ ಹೆಸರು, ಅಧ್ಯಕ್ಷರ ಹೆಸರು.

ಸೈಟ್ 71, ಮುಖ್ಯರಸ್ತೆ:
ನೋಡಿ, ಮನೆ ವಿಷಯ ಕೋರ್ಟ್‌ವರೆಗೂ ಹೋಯ್ತು. ಅವರಿಗೆ ಇದು ರೂಢಿ ಇರುತ್ತೆ ಬಿಡಿ ಸಾರ್.

ಸೈಟ್ 33, ಮೊದಲ ಮಹಡಿ:
"ಅವರಿಗೆ" ಅಂದ್ರೆ ನಮಗೆ ಸಾರ್. ನಾನು ಬಾಡಿಗೆಯವನು, ಈ ಗ್ರೂಪ್‌ನಲ್ಲಿ ಇದುವರೆಗೂ ನೀರಿನ ಟೈಮಿಂಗ್ ಬಿಟ್ಟು ಏನೂ ಕೇಳಿದವನಲ್ಲ. ನಮ್ಮ ತಾತ ಪುರಸಭೆಯಲ್ಲಿ ಮಲದ ಬುಟ್ಟಿ ಹೊತ್ತವರು. ಎಪ್ಪತ್ತರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ಅದನ್ನ ನಿಲ್ಲಿಸಿದ್ರು. ತಾತನ ತಲೆಮೇಲಿನ ಬುಟ್ಟಿ ಹೋಯ್ತು, ಅಪ್ಪನ ಪಾಲಿಗೆ ಮ್ಯಾನ್‌ಹೋಲ್ ಬಂತು. ಇಳಿಯೋ ಮೊದಲು ಒಂದು ಕ್ವಾರ್ಟರ್ ಕುಡಿಸೋರು. ಕುಡೀದೆ ಇಳಿಯೋಕಾಗಲ್ಲ ಸಾರ್, ಅದು ಯಾರಿಗೂ ರೂಢಿ ಆಗೋದಲ್ಲ. ಈ ಮನೆ ಹುಡುಕೋವಾಗ ಊಟ ಏನು, ಜನ ಯಾರು ಅಂತ ಎಷ್ಟು ಕಡೆ ಕೇಳಿದ್ರೋ. ಅದಕ್ಕೇ ಸುಮ್ಮನಿದ್ದೆ. ಇವತ್ತು ಆಗಲಿಲ್ಲ.

(ಸೈಟ್ 71ರ ಒಂದು ಸಂದೇಶ ಅಳಿಸಲಾಗಿದೆ)

ಸೈಟ್ 5, ಮೇಷ್ಟ್ರು:
33ರವರೇ, ನಿಮ್ಮ ಬಾಡಿಗೆ ವಿಚಾರಕ್ಕೆ ಯಾರಾದ್ರೂ ಬಂದ್ರೆ ಮೊದಲು ನಮ್ಮ ಮನೆಗೆ ಬರಲಿ, ನಾನು ಮಾತಾಡ್ತೀನಿ.

ಕಮಿಟಿಯನ್ನ ಮಾತ್ರ ಬೈದು ಪ್ರಯೋಜನ ಇಲ್ಲ. ಹೋದ ವರ್ಷದ ಲೆಕ್ಕಪತ್ರ ತೆಗೆದು ನೋಡಿದೆ. "ಚರಂಡಿ ಕ್ಲೀನಿಂಗ್, ಇಬ್ಬರು ಆಳು" ಅಂತ ಸ್ಪಷ್ಟವಾಗಿ ಬರೆದಿದೆ. ಸಭೆಯಲ್ಲಿ ಓದಿ ಹೇಳಿದ್ರು, ಒಬ್ಬರೂ ತುಟಿ ಬಿಚ್ಚಲಿಲ್ಲ, ಆಮೇಲೆ ಬೋಂಡಾ ಕಾಫಿ ಆಯ್ತು.

ಪತ್ರ ಬರೆದಿದ್ದೀನಿ. ಪಾಲಿಕೆ ಆಯುಕ್ತರಿಗೆ ಒಂದು, ಅದರ ನಕಲು ಜಿಲ್ಲಾಧಿಕಾರಿಗಳಿಗೆ, ಯಾಕಂದ್ರೆ ಈ ಕಾಯ್ದೆಯ ಜಾಗೃತಿ ಸಮಿತಿಗೆ ಅವರೇ ಅಧ್ಯಕ್ಷರು. ಹಸ್ತಾಂತರದ ಜಗಳ ಏನೇ ಇರಲಿ ಜೋರಾಗಿ ನೀರು ಹಾಯಿಸಿ ಕಟ್ಟಿದ್ದನ್ನ ಬಿಡಿಸೋ ಜೆಟ್ಟಿಂಗ್ ಮಷೀನ್ ಕೊಡಿ ಅಂತ ಕೇಳಿದ್ದೀನಿ. ಮನುಷ್ಯರನ್ನ ಇಳಿಸೋ ಕೆಲಸಕ್ಕೆ ಬಡಾವಣೆ ದುಡ್ಡಲ್ಲಿ ಒಂದು ರೂಪಾಯಿಯೂ ಹೋಗಲ್ಲ ಅಂತ ನಮ್ಮ ಕಡೆಯಿಂದಲೂ ಬರೆದಿದೆ. ಸಹಿ ನಮ್ಮ ಜಗಲಿ ಮೇಲೆ, ಸಂಜೆ 6ರಿಂದ. ಹೆಸರು, ಸೈಟ್ ನಂಬರ್ ಎರಡೂ ಬೇಕು. ಇಲ್ಲಿ ಹೆಬ್ಬೆರಳು ತೋರಿಸಿದ್ರೆ ಪತ್ರಕ್ಕೆ ಅಂಟಲ್ಲ.

ಸೈಟ್ 12, 2ನೇ ಕ್ರಾಸ್:
ನಾನು ಬರ್ತೀನಿ ಮೇಷ್ಟ್ರೇ. ಅಕ್ಕ, ಅತ್ತೆ ನಿಮ್ಮನೇಲಿ ಸ್ನಾನ ಮಾಡಿ ಬಂದು ಇವತ್ತು ಚೆನ್ನಾಗಿ ನಿದ್ದೆ ಮಾಡಿದ್ರು.

ಸೈಟ್ 20, 1ನೇ ಕ್ರಾಸ್:
ಒಳಚರಂಡಿ, ಸೆಪ್ಟಿಕ್ ಟ್ಯಾಂಕ್ ದೂರಿಗಿರೋ 14420 ಸಹಾಯವಾಣಿಗೂ ದೂರು ಕೊಟ್ಟಾಯ್ತು. ಎಲ್ಲರೂ ಒಂದೊಂದು ಸಲ ಮಾಡಿ.

(ಮರುದಿನ)

ಸೈಟ್ 5, ಮೇಷ್ಟ್ರು:
ನಿನ್ನೆ ಪತ್ರದ ಸಂದೇಶಕ್ಕೆ ಹೆಬ್ಬೆರಳು ಬಿದ್ದಿದ್ದು 41. ಸಹಿ ಬಿದ್ದಿದ್ದು 13. ಪೇಪರ್ ಇನ್ನೂ ಜಗಲಿ ಮೇಲಿದೆ, ಪೆನ್ನೂ ಇದೆ. ಅಧ್ಯಕ್ಷರು ಮೌನವಾಗಿ ಬಂದು ಹಾಕಿ ಹೋದ್ರು.

ಸೈಟ್ 38, 3ನೇ ಕ್ರಾಸ್:
ಆ ಹುಡುಗನ ವಿಷಯ. ನನ್ನಿಂದ ಗಲಾಟೆ ಆಯ್ತು ಅಂತ ಕಂಟ್ರಾಕ್ಟರ್ ಅವನನ್ನ ಕೆಲಸದಿಂದ ಬಿಡಿಸಿದ್ದಾನಂತೆ. ಹೀಗಾದ್ರೆ ಕೂಗು ಹಾಕಿದ್ದಕ್ಕೆ ಬೆಲೆ ತೆತ್ತವನು ಅವನೊಬ್ಬನೇ. ಪಾರ್ಕ್, ಸಂಪ್ ನೋಡ್ಕೊಳ್ಳೋಕೆ ನಮಗೆ ಆಳು ಬೇಕಿತ್ತಲ್ಲ ಕಾರ್ಯದರ್ಶಿಗಳೇ?

ಕಾರ್ಯದರ್ಶಿ:
ಭಾನುವಾರದ ಸಭೆಗೆ ಇಡ್ತೀನಿ ಮೇಡಂ. ನನ್ನ ಓಟು ಇದೆ.

ಸೈಟ್ 33, ಮೊದಲ ಮಹಡಿ:
ಅವನ ಮನೆ ನನಗೆ ಗೊತ್ತು, ಸಂಜೆ ಹೋಗಿ ಬರ್ತೀನಿ. ಚರಂಡಿ ಕೆಲಸದವರ ಹೆಸರು ಬರೆಸಿ ಆರೋಗ್ಯ ವಿಮೆ ಕೊಡೋ ಕೇಂದ್ರದ ನಮಸ್ತೆ ಯೋಜನೆ ಇದೆ. ಅವನ ಹೆಸರು ಅದರಲ್ಲಿದೆಯಾ ಕೇಳ್ತೀನಿ. ಕೆಲಸ ಅವನೇ ಬೇಡ ಅಂದ್ರೆ ಒತ್ತಾಯ ಮಾಡಬೇಡಿ.

ಕಾರ್ಯದರ್ಶಿ:
ಮಷೀನ್ ಖಾತ್ರಿ ಆಯ್ತು. ನಾಳೆ ಬೆಳಿಗ್ಗೆ 7ಕ್ಕೆ. ಲಾರಿ ದೊಡ್ಡದು, 2ನೇ ಕ್ರಾಸ್ ಮತ್ತು ಮುಖ್ಯರಸ್ತೆ ತಿರುವಲ್ಲಿ ಕಾರು ಇರಬಾರದು. 45ರವರು ಸ್ಥಳದಲ್ಲಿ ಇರ್ತಾರೆ. ಯಾರೂ ಒಳಗೆ ಇಳಿಯೋ ಹಾಗಿಲ್ಲ ಅಂತ ಡ್ರೈವರ್‌ಗೆ ಬರೆದೇ ಕೊಟ್ಟಿದ್ದೀನಿ.

ಸೈಟ್ 71, ಮುಖ್ಯರಸ್ತೆ:
ಕಾರು ತೆಗೀತೀನಿ. ಸಹಿ ಮಾತ್ರ ಹಾಕಲ್ಲ.

ಸೈಟ್ 38, 3ನೇ ಕ್ರಾಸ್:
ನಿಮ್ಮಿಷ್ಟ ಸಾರ್. ಕಾರು ಆರೂವರೆಗೇ ತೆಗೀರಿ, ಹೋದ ಸಲ ಟ್ಯಾಂಕರ್ ತಿರುಗಲಿಲ್ಲ.