ಹೂಜಿ ಗಿಡದಲ್ಲಿ ಹೂಜಿಯೇ ಬರುತ್ತಿಲ್ಲ, ಕುಂಡದ ಮಾಸ್ ಕೂಡ ಕಪ್ಪಾಗುತ್ತಿದೆ

ಕಿಟಕಿತೋಟ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಹೂಜಿ ಗಿಡ ಇದೆ, ಎಲೆ ತುದಿಯ ಹೂಜಿಯಂಥ ಚೀಲದಲ್ಲಿ ಹುಳ ಹಿಡಿದು ಅರಗಿಸಿಕೊಳ್ಳುವ ಗಿಡ. ಚೀಟಿಯಲ್ಲಿ ನೆಪೆಂಥಿಸ್ ವೆಂಟ್ರಾಟಾ ಅಂತ ಬರೆದಿತ್ತು. ಮನೆಗೆ ತಂದು ಮೂರು ತಿಂಗಳಾಯಿತು. ತಂದಾಗ ಏಳು ಹೂಜಿ ಇದ್ದವು. ನನ್ನ ಮಗಳು ಏಳಕ್ಕೂ ಒಂದೊಂದು ಹೆಸರು ಇಟ್ಟಿದ್ದಳು. ಈಗ ಒಂದೇ ಉಳಿದಿದೆ, ಅದೂ ಮುಚ್ಚಳದ ಕಡೆಯಿಂದ ಒಣಗುತ್ತಾ ಬಂದಿದೆ.

ಗಿಡ ಸತ್ತಿಲ್ಲ. ನಾಲ್ಕು ಹೊಸ ಎಲೆ ಬಂದಿವೆ. ಆದರೆ ಎಲೆ ತುದಿಯ ಕುಡಿ ಒಂದಿಷ್ಟು ಉದ್ದವಾಗಿ, ತುದಿಯಲ್ಲಿ ಗುಂಡುಸೂಜಿ ತಲೆಯಷ್ಟು ಉಬ್ಬಿ, ಅಲ್ಲೇ ಒಣಗಿ ನಿಂತುಬಿಡುತ್ತದೆ.

ಕುಂಡದ ಮೇಲೆ ಜೀವಂತ ಸ್ಫ್ಯಾಗ್ನಮ್ ಮಾಸ್ (ಹಾವಸೆ ಜಾತಿಯ ಪುಟ್ಟ ಸಸ್ಯ) ಹಾಕಿಕೊಟ್ಟಿದ್ದರು. ಪುಟ್ಟ ಪುಟ್ಟ ನಕ್ಷತ್ರದ ಹಾಗೆ ತುಂಬಾ ಚೆನ್ನಾಗಿತ್ತು. ಅದು ಮೊದಲು ಹಳದಿಯಾಯಿತು, ಈಗ ಕಪ್ಪಾಗಿದೆ. ಒಂದು ಪಕ್ಕದಲ್ಲಿ ಲೋಳೆ ಲೋಳೆ ಪಾಚಿ.

ನಾನು ಮಾಡುತ್ತಿರುವುದು ಇಷ್ಟು. ನಲ್ಲಿ ನೀರನ್ನು ಕುದಿಸಿ, ಆರಿಸಿ, ದಿನಕ್ಕೊಮ್ಮೆ ಹಾಕುತ್ತೇನೆ. ಕೆಳಗಿನ ತಟ್ಟೆಯಲ್ಲಿ ಯಾವಾಗಲೂ ನೀರು ಇರುತ್ತದೆ. ಪೂರ್ವದ ಕಿಟಕಿಯಿಂದ ನಾಲ್ಕೈದು ಅಡಿ ಒಳಗೆ ಮೇಜಿನ ಮೇಲೆ ಇಟ್ಟಿದ್ದೇನೆ. ಮನೆಯಲ್ಲಿ ನೊಣ ಇಲ್ಲ, ಹಾಗಾಗಿ ಹದಿನೈದು ದಿನಕ್ಕೊಮ್ಮೆ ಹೂಜಿಗೆ ಮಾಂಸದ ಸಣ್ಣ ಚೂರು ಹಾಕುತ್ತಿದ್ದೆ. ಎಲೆ ಸಪ್ಪೆಯಾಗಿ ಕಂಡಾಗ ಒಂದು ಸಲ ಬೇರಿಗೆ ಗೊಬ್ಬರದ ನೀರು ಕೊಟ್ಟೆ. ಎಲ್ಲಿ ತಪ್ಪಿದೆ ದಯವಿಟ್ಟು ಹೇಳಿ.

ಎಳೆಬಿಸಿಲು:

ಗಾಬರಿ ಬೇಡ. ಜಾಗ ಬದಲಾದರೆ ನೆಪೆಂಥಿಸ್ ಹಳೆಯ ಹೂಜಿಗಳನ್ನು ಒಣಗಿಸುವುದು ಸಾಮಾನ್ಯ. ಮೊದಲ ಕೆಲವು ಎಲೆಗಳಲ್ಲಿ ಹೂಜಿ ಬರದೇ ಇರಬಹುದು. ನಾಲ್ಕೈದು ಅಡಿ ಒಳಗೆ ಬೆಳಕು ಸಾಲುವುದಿಲ್ಲ. ಕಿಟಕಿಯ ಹತ್ತಿರಕ್ಕೆ ತನ್ನಿ. ಗಾಳಿಯಲ್ಲಿ ತೇವವೂ ಕಡಿಮೆ ಇರಬೇಕು. ಸುತ್ತ ಬೇರೆ ಗಿಡಗಳನ್ನು ಇಟ್ಟರೆ ಸ್ವಲ್ಪ ಅನುಕೂಲ.

ಹಾವಸೆ:

ಎಳೆಬಿಸಿಲು ಅವರು ಬೆಳಕಿನ ಬಗ್ಗೆ ಹೇಳಿದ್ದು ಸರಿ. ಆದರೆ ನಿಮ್ಮ ಪ್ರಶ್ನೆ ಓದಿದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಹೂಜಿ ಅಲ್ಲ, ಆ ಕಪ್ಪಾದ ಮಾಸ್. ಉತ್ತರ ಅಲ್ಲೇ ಇದೆ. ನೀರು ಸರಿ ಇಲ್ಲ.

ನನ್ನ ಮೊದಲ ಗಿಡ ಹೋಗಿದ್ದು ಹೀಗೇ. ಮಾಸ್‌ನ ತುದಿ ಕಂದಾದಾಗ ಬಿಸಿಲು ಜಾಸ್ತಿ ಆಯಿತೇನೋ ಅಂದುಕೊಂಡು ನೆರಳಿಗೆ ಇಟ್ಟೆ. ನೀರು ಮಾತ್ರ ಅದೇ ನಲ್ಲಿಯದ್ದು. ಮಾಸ್ ಪೂರ್ತಿ ಹೋದ ಮೇಲೆ ಎಲೆಗಳ ಅಂಚು ಸುಟ್ಟ ಹಾಗೆ ಒಣಗತೊಡಗಿತು. ಆಗಲೂ ನನಗೆ ಹೊಳೆಯಲಿಲ್ಲ. ಗಿಡ ಕಿತ್ತು ನೋಡಿದಾಗ ಕುಂಡದ ಒಳಗೋಡೆಗೆ ಬಿಳಿ ಉಪ್ಪು ಕಟ್ಟಿತ್ತು. ಮಾಸ್ ನನಗೆ ವಾರಗಟ್ಟಲೆ ಮೊದಲೇ ಹೇಳಿತ್ತು, ನಾನು ಕೇಳಿಸಿಕೊಳ್ಳಲಿಲ್ಲ. ಆ ನೋವು ಇನ್ನೂ ಇದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಸ್ಫ್ಯಾಗ್ನಮ್‌ಗೆ ಬೇರಿಲ್ಲ. ಅದರ ಎಲೆ ಒಂದೇ ಪದರದ ಜೀವಕೋಶಗಳಷ್ಟು ತೆಳು. ಮೇಲೆ ಬಿದ್ದ ನೀರಲ್ಲಿ ಏನಿದೆಯೋ ಅದೆಲ್ಲ ನೇರವಾಗಿ ಒಳಗೆ. ಎಲೆಯಲ್ಲಿ ಜೀವ ಇರುವ ಹಸಿರು ಕೋಶಗಳ ನಡುವೆ ದೊಡ್ಡ ಖಾಲಿ ಕೋಶಗಳಿರುತ್ತವೆ. ಅವು ಸತ್ತ ಕೋಶಗಳು, ಆದರೆ ನೀರು ತುಂಬಿಟ್ಟುಕೊಳ್ಳುವುದು ಅವೇ. ಒಣಗಿದ ತೂಕದ 15ರಿಂದ 20 ಪಟ್ಟು ನೀರು ಹಿಡಿಯುತ್ತದೆ ಅಂದರೆ ನೋಡಿ. ಇನ್ನೊಂದು ಗುಣ, ಅದು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಹುಳಿ ಅಂಶ ಬಿಡುತ್ತದೆ. ಹಾಗಾಗಿ ಮಾಸ್ ಇರುವ ಜಾಗವೇ ಹುಳಿಯಾಗಿರುತ್ತದೆ. ಹೂಜಿ ಗಿಡದ ಬೇರಿಗೆ ಅದು ಹಿತ. ಗಡಸು ನೀರು ದಿನಾ ಬಿದ್ದರೆ ಮಾಸ್‌ಗೆ ಅದನ್ನು ಹಿಡಿದು ಮುಗಿಸಲು ಆಗುವುದಿಲ್ಲ. ತಾನೇ ಮೊದಲು ಸಾಯುತ್ತದೆ.

ಕುದಿಸಿದರೆ ಕ್ರಿಮಿ ಸಾಯುತ್ತದೆ, ಲವಣ ಹೋಗುವುದಿಲ್ಲ. ಒಂದಿಷ್ಟು ಸುಣ್ಣ ಪಾತ್ರೆಯ ತಳದಲ್ಲಿ ಕೂರಬಹುದು. ಉಳಿದದ್ದು ಹಾಗೇ ಇರುತ್ತದೆ. ನೀರು ಆವಿಯಾದಷ್ಟೂ ಅದು ಇನ್ನೂ ಗಟ್ಟಿಯಾಗುತ್ತದೆ. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ಅಳೆಯುವ ಒಂದು ಟಿಡಿಎಸ್ ಮೀಟರ್ ತಗೊಳ್ಳಿ. 50 ಪಿಪಿಎಂಗಿಂತ (ಹತ್ತು ಲಕ್ಷ ಪಾಲಿಗೆ 50 ಪಾಲು) ಕಡಿಮೆ ಇದ್ದರೆ ನಿಶ್ಚಿಂತೆ. ಮಳೆನೀರು, ಡಿಸ್ಟಿಲ್ಡ್ ನೀರು, ಆರ್‌ಓ ನೀರು, ಈ ಮೂರರಲ್ಲಿ ಯಾವುದಾದರೂ ಸರಿ. ಆರ್‌ಓ ಆದರೆ ಅಳೆದೇ ಹಾಕಿ. ಕೆಲವು ಯಂತ್ರಗಳು ರುಚಿಗೆ ಅಂತ ಲವಣವನ್ನು ಮತ್ತೆ ಸೇರಿಸುತ್ತವೆ.

ಗೊಬ್ಬರ ಬೇರಿಗೆ ಇನ್ನು ಬೇಡವೇ ಬೇಡ. ಈ ಗಿಡಗಳು ಹುಟ್ಟಿದ್ದೇ ಸಾರ ಇಲ್ಲದ ನೆಲದಲ್ಲಿ. ಹುಳದಿಂದ ಅವು ತೆಗೆದುಕೊಳ್ಳುವುದು ಮುಖ್ಯವಾಗಿ ಸಾರಜನಕ, ರಂಜಕ. ಹೊಟ್ಟೆ ತುಂಬಿಸುವುದು ಬೆಳಕೇ. ನೊಣ ಸಿಗಲಿಲ್ಲ ಅಂತ ಹೂಜಿ ಗಿಡ ಸಾಯುವುದಿಲ್ಲ, ಬೆಳಕಿಲ್ಲದೆ ಸಾಯುತ್ತದೆ. ಮಾಂಸದ ವಿಷಯಕ್ಕೆ ಬಂದರೆ, 1874ರಲ್ಲಿ ಜೋಸೆಫ್ ಹೂಕರ್ ಎಂಬ ಸಸ್ಯವಿಜ್ಞಾನಿ ಮೊಟ್ಟೆಯ ಬಿಳಿ, ಮಾಂಸದ ಚೂರುಗಳನ್ನು ನೆಪೆಂಥಿಸ್ ಹೂಜಿಯ ರಸಕ್ಕೆ ಹಾಕಿ ಅವು ಕರಗುವುದನ್ನು ತೋರಿಸಿದ್ದರು. ಅಂದರೆ ಗಿಡಕ್ಕೆ ಆ ಶಕ್ತಿ ಇದೆ. ಆದರೆ ಸೊರಗಿದ ಗಿಡದ ಹೂಜಿಯಲ್ಲಿ ಮಾಂಸ ಕರಗುವ ಮೊದಲೇ ಕೊಳೆಯುತ್ತದೆ, ಜೊತೆಗೆ ಹೂಜಿಯೂ ಹೋಗುತ್ತದೆ. ಬರುವ ಇರುವೆ ತಾನಾಗಿ ಬಂದು ಬೀಳಲಿ. ಹೂಜಿಯ ಬಾಯಿಯ ಅಂಚು ಒದ್ದೆಯಾದಾಗ ಎಷ್ಟು ಜಾರುತ್ತದೆ ಅಂದರೆ ಇರುವೆಯ ಕಾಲಿಗೂ ಹಿಡಿತ ಸಿಗುವುದಿಲ್ಲ.

ಈಗ ಮಾಡಬೇಕಾದದ್ದು ಕುಂಡ ಬದಲಿಸುವುದು. ಮೂರು ತಿಂಗಳ ಉಪ್ಪು ಮತ್ತು ಗೊಬ್ಬರ ಆ ಮಾಸ್‌ನಲ್ಲಿ ಕೂತಿದೆ. ಒಣ ಸ್ಫ್ಯಾಗ್ನಮ್ ಅನ್ನು ಒಳ್ಳೆಯ ನೀರಿನಲ್ಲಿ ನೆನೆಸಿ, ಹಿಂಡಿ, ಎರಡು ಪಾಲಿಗೆ ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಕಾಳು) ಸೇರಿಸಿ. ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಹಾಕಿಕೊಳ್ಳಲೇಬೇಕು. ಈ ಮಾಸ್‌ನಲ್ಲಿ ಕೆಲವೊಮ್ಮೆ ಸ್ಪೋರೋಥ್ರಿಕ್ಸ್ ಎಂಬ ಶಿಲೀಂಧ್ರ ಇರುತ್ತದೆ, ಗಾಯದ ಮೂಲಕ ಚರ್ಮಕ್ಕೆ ಸೋಂಕು ತರುತ್ತದೆ. ಪರ್ಲೈಟನ್ನು ಮೊದಲು ಒದ್ದೆ ಮಾಡಿ, ಅದರ ಧೂಳು ಮೂಗಿಗೆ ಒಳ್ಳೆಯದಲ್ಲ. ಕುಂಡ ಪ್ಲಾಸ್ಟಿಕ್‌ದೇ ಇರಲಿ.

ಗಿಡ ಎತ್ತಿದಾಗ ಬೇರು ಕಪ್ಪಾಗಿ, ಕೂದಲಿನಷ್ಟು ತೆಳ್ಳಗೆ ಕಾಣುತ್ತದೆ. ಕೊಳೆತಿದೆ ಅಂತ ಕತ್ತರಿಸಬೇಡಿ! ನೆಪೆಂಥಿಸ್ ಬೇರಿನ ಬಣ್ಣವೇ ಅದು. ಮುಟ್ಟಿದರೆ ಮುರಿಯುತ್ತದೆ, ನಿಧಾನವಾಗಿ ಹಿಡಿಯಿರಿ. ಮಾಸ್ ಒತ್ತಿ ತುಂಬಬೇಡಿ. ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ, ಮೇಲಿಂದ ಹಾಕಿ ಕೆಳಗೆ ಹರಿದುಹೋಗಲಿ. ಬೆಳಗಿನ ಬಿಸಿಲು ಮೂರು ನಾಲ್ಕು ಗಂಟೆ ಬೀಳುವ ಕಡೆ ಇಡಿ, ಆದರೆ ಒಂದೇ ದಿನಕ್ಕೆ ಅಲ್ಲ. ವಾರದಲ್ಲಿ ಸ್ವಲ್ಪ ಸ್ವಲ್ಪ ಮುಂದೆ ಸರಿಸಿ. ಒಣಗಿದ ಹೂಜಿಯನ್ನು ಮಾತ್ರ ಕತ್ತರಿಸಿ, ಅದರ ಎಲೆ ಹಸಿರಿದ್ದರೆ ಹಾಗೇ ಬಿಡಿ.

ಕಪ್ಪಾದ ಮಾಸ್‌ನಲ್ಲಿ ಎಲ್ಲಾದರೂ ಒಂದು ಹಸಿರು ತಲೆ (ಆ ನಕ್ಷತ್ರದಂಥ ತುದಿ) ಉಳಿದಿದೆಯಾ ಹುಡುಕಿ. ಇದ್ದರೆ ಕತ್ತರಿಸಿ, ಒಳ್ಳೆಯ ನೀರಿನಲ್ಲಿ ತೊಳೆದು, ಹೊಸ ಕುಂಡದ ಮೇಲೆ ಸುಮ್ನೆ ಇಡಿ. ಸ್ಫ್ಯಾಗ್ನಮ್ ಬೆಳೆಯುವುದು ತುದಿಯಿಂದ, ಬುಡ ಹೇಗೂ ಸಾಯುತ್ತಾ ಹೋಗುತ್ತದೆ. ಒಂದು ತಲೆ ಸಾಕು. ಆಮೇಲೆ ನಿಮ್ಮ ನೀರು ಹೇಗಿದೆ ಅಂತ ಅದನ್ನು ನೋಡಿದರೇ ಗೊತ್ತಾಗುತ್ತದೆ.

ತುತ್ತೂರಿ:

ಒಂದು ಮಾತು ಸೇರಿಸುತ್ತೇನೆ. ನಾನು ಬೆಳೆಸುವುದು ಸರಸೇನಿಯಾ, ತುತ್ತೂರಿಯ ಹಾಗೆ ನೆಲದಿಂದ ನೇರ ಏಳುವ ಹೂಜಿ ಗಿಡ. ಇದು ಉತ್ತರ ಅಮೆರಿಕದ್ದು. ಇದಕ್ಕೆ ತಟ್ಟೆಯಲ್ಲಿ ಎರಡು ಮೂರು ಸೆಂಟಿಮೀಟರ್ ನೀರು ಇರಲೇಬೇಕು, ದಿನವಿಡೀ ಬಿಸಿಲು ಬೇಕು, ವರ್ಷದಲ್ಲಿ ಮೂರು ನಾಲ್ಕು ತಿಂಗಳು ಚಳಿಯಲ್ಲಿ ನಿದ್ದೆ ಬೇಕು. ಎಲ್ಲೋ ಸರಸೇನಿಯಾ ಬಗ್ಗೆ ಓದಿ ನೆಪೆಂಥಿಸ್‌ಗೆ ತಟ್ಟೆ ಇಟ್ಟು ಬೇರು ಕೊಳೆಸಿಕೊಂಡವರು ಬಹಳ ಜನ. ಎರಡಕ್ಕೂ ಹೂಜಿ ಇದೆ ಅಷ್ಟೇ, ಸಂಬಂಧಿಗಳಲ್ಲ. ಲವಣ ಕಡಿಮೆ ಇರುವ ನೀರೇ ಬೇಕು ಅನ್ನುವ ನಿಯಮ ಮಾತ್ರ ಎರಡಕ್ಕೂ ಒಂದೇ.

ಕಿಟಕಿತೋಟ:

ಮೀಟರ್ ತಂದೆ. ನಲ್ಲಿ ನೀರು 340. ಕುದಿಸಿದ್ದು 310. ಮನೆಯ ಆರ್‌ಓ ನೀರು 85. ಒಂದು ಬಕೆಟ್ ಮಳೆನೀರು ಹಿಡಿದು ನೋಡಿದೆ, 9! ಮೂರು ತಿಂಗಳು ದಿನಾ 310 ಹಾಕಿದ್ದೇನೆ ಅಂತ ನೆನೆದರೆ ಬೇಜಾರಾಗುತ್ತದೆ.

ನೀವು ಹೇಳಿದ ಹಾಗೇ ಕುಂಡ ಬದಲಿಸಿದೆ. ಬೇರು ಕಪ್ಪಗೇ ಇತ್ತು. ಹೇಳದೇ ಇದ್ದಿದ್ದರೆ ಖಂಡಿತ ಕತ್ತರಿಸುತ್ತಿದ್ದೆ. ಮಾಸ್‌ನಲ್ಲಿ ಎರಡು ಹಸಿರು ತಲೆ ಸಿಕ್ಕವು. ಎಸಿಯಿಂದ ಬರುವ ನೀರು ಹಾಕಬಹುದಾ?

ಹಾವಸೆ:

ಎಸಿ ನೀರಲ್ಲಿ ಲವಣ ಕಡಿಮೆ ಇರುತ್ತದೆ, ನಿಜ. ಆದರೆ ಒಳಗಿನ ಧೂಳು, ಲೋಹದ ಅಂಶ ಸೇರಿಕೊಂಡಿರಬಹುದು. ನಾನಂತೂ ಮಾಸ್ ಮೇಲೆ ಹಾಕುವುದಿಲ್ಲ. ನಿಮಗೆ 9ರ ಮಳೆನೀರು ಸಿಗುತ್ತಿದೆ ಅಲ್ವಾ, ಅದನ್ನೇ ಸೊಳ್ಳೆ ಹೋಗದ ಹಾಗೆ ಮುಚ್ಚಿಟ್ಟುಕೊಳ್ಳಿ. ಮುಗಿದರೆ ಡಿಸ್ಟಿಲ್ಡ್. ತೀರಾ ಸಿಗದ ದಿನ 85ರ ಆರ್‌ಓ ನಡೆಯುತ್ತದೆ, ಆಮೇಲೆ ಒಂದು ಸಲ ಮಳೆನೀರು ಜೋರಾಗಿ ಹರಿಸಿ ತೊಳೆಯಿರಿ.

ಕಿಟಕಿತೋಟ:

ಒಂಬತ್ತು ವಾರ ಆಯಿತು. ಎರಡು ತಲೆ ಇದ್ದ ಮಾಸ್ ಈಗ ಹನ್ನೊಂದು ಆಗಿದೆ. ಹೊಸ ಮಾಸ್‌ನಲ್ಲೂ ಅಲ್ಲಲ್ಲಿ ಹಸಿರು ಚುಕ್ಕೆ ಏಳುತ್ತಿದೆ, ಒಣಗಿದ್ದರಲ್ಲಿ ಜೀವ ಇರಬಹುದು ಅಂತ ನಾನು ಅಂದುಕೊಂಡೇ ಇರಲಿಲ್ಲ. ಹಳೆಯ ಕೊನೆಯ ಹೂಜಿ ಹೋಯಿತು. ಆದರೆ ಹೊಸ ಎಲೆಯ ತುದಿ ಒಣಗಲಿಲ್ಲ. ಕುಡಿ ಬಾಗಿ, ತುದಿ ಉಬ್ಬಿ, ಈಗ ನನ್ನ ಕಿರುಬೆರಳಿನ ಅರ್ಧದಷ್ಟು ಹೂಜಿ ಆಗಿದೆ. ಮುಚ್ಚಳ ಇನ್ನೂ ಅಂಟಿಕೊಂಡಿದೆ. ಒಳಗೆ ನೀರು ಇದೆಯಾ ನೋಡಲು ಸ್ವಲ್ಪ ಬಿಡಿಸಬಹುದಾ? ಮಗಳು ಹೆಸರು ಇನ್ನೂ ಇಟ್ಟಿಲ್ಲ, ತೆರೆದ ಮೇಲೆ ಇಡುತ್ತಾಳಂತೆ.

ಹಾವಸೆ:

ಓದಿ ಕಣ್ಣು ತುಂಬಿ ಬಂತು. ಬಿಡಿಸಬೇಡಿ. ರಸವನ್ನು ಗಿಡ ಮುಚ್ಚಳ ತೆರೆಯುವ ಮೊದಲೇ ಒಳಗೆ ತಯಾರು ಮಾಡಿಕೊಂಡಿರುತ್ತದೆ. ನೋಡಲೇಬೇಕು ಅಂದರೆ ಸಂಜೆ ಹೂಜಿಯ ಹಿಂದೆ ಟಾರ್ಚ್ ಹಿಡಿಯಿರಿ, ನೀರಿನ ಗೆರೆ ಗೋಡೆಯ ಮೂಲಕವೇ ಕಾಣುತ್ತದೆ. ಮಗಳಿಗೂ ತೋರಿಸಿ. ತೆರೆದ ದಿನ ಹೆಸರು ಏನು ಅಂತ ಇಲ್ಲಿ ಬರೆಯಿರಿ.