ನಿಜಾಮಿಯಾ ವೀಕ್ಷಣಾಲಯ ನಮ್ಮ ಇತಿಹಾಸಕ್ಕ ಸೇರ್ತದೋ ಇಲ್ಲೋ?

ರಾಯಚೂರು ಓದುಗ:
ಶಾಲಿ ಮಕ್ಕಳಿಗೆ ಸ್ಥಳೀಯ ಇತಿಹಾಸದ ಪುಸ್ತಿಕೆ ಮಾಡಾಕತ್ತೀವಿ. ಆಕಾಶದ ಚುಕ್ಕಿ ನೋಡಾಕ ಹೈದರಾಬಾದಿನಾಗ ಕಟ್ಟಿದ ನಿಜಾಮಿಯಾ ವೀಕ್ಷಣಾಲಯಕ್ಕ ಒಂದು ಪುಟ ಇರಬೇಕಂತ ನನ್ನ ಮಾತು. 1901ರಾಗ ನವಾಬ್ ಜಫರ್ ಜಂಗ್ ಶುರು ಮಾಡಿದ್ರು, 1919ರಾಗ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕ ಸೇರ್ತು. ನಾವೂ ಆಗ ಅದೇ ನಿಜಾಮರ ಸಂಸ್ಥಾನದಾಗ ಇದ್ದವರು.

ಕೊಪ್ಪಳದವ:
ಒಪ್ಪೂದಿಲ್ರಿ. ನಮ್ಮೂರು ನಿಜಾಮರ ದಿವಾನರಾಗಿದ್ದ ಸಾಲಾರ್ ಜಂಗರ ಜಹಗೀರು. ಕಂದಾಯ ಕಟ್ಟಿದವರು ನಮ್ಮ ರೈತರು, ದೂರದರ್ಶಕ ಕುಂತದ್ದು ಹೈದರಾಬಾದಿನ ಬೇಗಂಪೇಟೆಯಾಗ. ನಮ್ಮ ಕಡೆ ಏನು ಬಂತು?

ಬಳ್ಳಾರಿ ಮಂದಿ:
ಆ ಲೆಕ್ಕದಾಗ, ಮದ್ರಾಸ್ ಪ್ರಾಂತ್ಯದಾಗ ಇದ್ದ ನಾವು 1792ರ ಮದ್ರಾಸ್ ವೀಕ್ಷಣಾಲಯನ ನಮ್ಮದು ಅನ್ನಬೇಕಾಗ್ತೈತಿ.

ರಾಯಚೂರು ಓದುಗ:
ಜಫರ್ ಜಂಗ್ ಮೊದಲು ದೂರದರ್ಶಕ ಕೊಂಡದ್ದು ಸ್ವಂತ ರೊಕ್ಕದಾಗ. ಅವರು ತೀರಿಕೊಂಡ ಮ್ಯಾಲೆ, 1908ರಾಗ ಸರ್ಕಾರ ವಹಿಸಿಕೊಂತು. ಅಲ್ಲಿಂದ ಮುಂದ ಖಜಾನೆ ರೊಕ್ಕ, ಅಂದ್ರ ನಮ್ಮ ರೈತರದೂ. ಅದಕ್ಕ ಆ ರೊಕ್ಕದಾಗ ಏನು ಕೆಲಸ ಆತು ಅಂತ ಮಕ್ಕಳಿಗೆ ಗೊತ್ತಿರಲಿ. ಇಡೀ ಆಕಾಶದ ನಕ್ಷೆ ಮಾಡೂಣಂತ 1887ರಾಗ ಪ್ಯಾರಿಸ್ಸಿನಾಗ ತೀರ್ಮಾನ ಆಗಿತ್ತು. ಆಕಾಶನ ಪಟ್ಟಿ ಪಟ್ಟಿ ಮಾಡಿ ಬೇರೆ ಬೇರೆ ದೇಶದ ವೀಕ್ಷಣಾಲಯಗಳಿಗೆ ಹಂಚಿದ್ರು. ಚಿಲಿಯ ಸಾಂತಿಯಾಗೊಗೆ ಕೊಟ್ಟ ಪಾಲು ಅಲ್ಲಿ ಮುಗೀಲಿಲ್ಲ. ಖಗೋಳ ಸಮಭಾಜಕದಿಂದ (ಭೂಮಿಯ ಸಮಭಾಜಕದ ನೇರಕ್ಕ ಆಕಾಶದಾಗ ಎಳೆದ ಗೆರಿ) ದಕ್ಷಿಣಕ್ಕ 17ರಿಂದ 23 ಡಿಗ್ರಿಯ ಆ ಪಟ್ಟಿ ಹೈದರಾಬಾದಿಗೆ ಬಂತು. 8 ಇಂಚಿನ ದೂರದರ್ಶಕದಿಂದ ಗಾಜಿನ ಫಲಕದ ಮ್ಯಾಲೆ ಫೋಟೊ ತೆಗೀತಿದ್ರು. ಆಮ್ಯಾಲೆ ಸೂಕ್ಷ್ಮದರ್ಶಕದಾಗ ಒಂದೊಂದು ಚುಕ್ಕಿ ಅಳೆದು ಬರಕೊಳ್ಳೋದು. ಹೀಂಗ ಲಕ್ಷಗಟ್ಟಲೆ ಚುಕ್ಕಿ! ವೀಕ್ಷಣಾಲಯದ ನಿರ್ದೇಶಕ ಟಿ.ಪಿ. ಭಾಸ್ಕರನ್ ಅವರ ಕಾಲದಾಗ ಈ ಕೆಲಸ ಬಾಳ ಮುಂದುವರೀತು. ಇಂಥ ತಾಳ್ಮಿ ನೆನೆಸಿಕೊಂಡ್ರ ನನಗ ಇವತ್ತಿಗೂ ಮೈ ಜುಂ ಅಂತದ.

ಸಿಂಧನೂರು ಹಿರಿಯ:
ಕೊಪ್ಪಳದ ತಮ್ಮಾ, ಬಂದದ್ದೂ ಅದ, ಕೇಳು. 1980ರ ಫೆಬ್ರವರಿ 16, ಖಗ್ರಾಸ ಸೂರ್ಯಗ್ರಹಣ. ನಮ್ಮ ತಾಲೂಕಿನ ಜವಳಗೇರಾದಾಗ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು ಬಂದು ಯಂತ್ರ ಹೂಡಿದ್ರು. ಆ ಸಂಸ್ಥೆ ಕಟ್ಟಿದ ವೇಣು ಬಾಪು ಅವರ ತಂದೆ ಕೆಲಸ ಮಾಡಿದ್ದು ಇದೇ ನಿಜಾಮಿಯಾದಾಗ. ಬಾಪು ಹುಡುಗರಿದ್ದಾಗ ಆಕಾಶ ನೋಡಾಕ ಕಲಿತದ್ದೂ ಹೈದರಾಬಾದಿನಾಗ. ಅವತ್ತು ನನ್ನವ್ವ ಬಾಗಿಲು ಹಾಕಿ ನಮ್ಮನ್ನ ಒಳಗ ಕೂಡಿಸಿದ್ದಳು. ಕಿಟಕಿ ಸಂದಿಯಾಗ ಕತ್ತಲಾದದ್ದಷ್ಟೇ ಕಂಡೆ. ಹೊರಗ ಕೋಳಿ ಗೂಡು ಸೇರಿದ್ವು. ಸೂರ್ಯನ ಸುತ್ತಿನ ಆ ಬೆಳಕು ನೋಡಲಿಲ್ಲ ಅನ್ನೋ ಸಂಕಟ ಇನ್ನೂ ಹೋಗಿಲ್ಲ.

ಕೊಪ್ಪಳದವ:
ಅಜ್ಜಾರ, ಇದು ನನಗ ಗೊತ್ತಿರಲಿಲ್ರಿ. ಹಂಗಾದ್ರ ಪುಟ ಜವಳಗೇರಾದಿಂದ ಶುರು ಆಗಲಿ, ನಿಜಾಮಿಯಾ ಅದರ ಹಿಂದಿನ ಕತಿಯಾಗಿ ಬರಲಿ. ಕಂದಾಯದ ಮಾತು ಮಾತ್ರ ಬಿಡಬ್ಯಾಡ್ರಿ.

ರಾಯಚೂರು ಓದುಗ:
ಬಿಡೂದಿಲ್ಲ. ಅಜ್ಜಾರ, ನಿಮ್ಮ ಕಿಟಕಿ ಸಂದಿಯ ಮಾತೂ ಬರಕೊಳ್ಳಲೇನ್ರಿ?